ಎರಡು ಮನೆ, ಒಂದು ಬೆಟ್ಟ: ಮೊದಲ ಸಲ ಎಲ್ಲರೂ ಒಟ್ಟಿಗೆ ಹೊರಡುವ ಮುನ್ನ

ಪ್ರಶ್ನೆ: ನನಗೆ 57 ವರ್ಷ. ಪತಿ ತೀರಿಕೊಂಡು ಆರು ವರ್ಷವಾಯಿತು. ಎರಡು ವರ್ಷದ ಹಿಂದೆ ಚಾರಣದ ಗುಂಪೊಂದರಲ್ಲಿ ಪರಿಚಯವಾದವರೊಬ್ಬರು ಈಗ ನನ್ನ ಬದುಕಿನ ಭಾಗವೇ ಆಗಿದ್ದಾರೆ. ಅವರಿಗೆ 61, ವಿಚ್ಛೇದನವಾಗಿ ಎಂಟು ವರ್ಷವಾಗಿದೆ. ಅವರ 15 ವರ್ಷದ ಮಗಳು ವಾರಾಂತ್ಯಗಳಲ್ಲಿ ಅವರ ಜೊತೆ ಇರುತ್ತಾಳೆ. ನನಗೆ 27ರ ಮಗಳು, 19ರ ಮಗ. ಮುಂದಿನ ವರ್ಷದಿಂದ ಒಂದೇ ಮನೆಯಲ್ಲಿ ಬಾಳುವ ಯೋಚನೆ ನಮ್ಮದು. ಅದಕ್ಕೆ ಮೊದಲು ಮಕ್ಕಳು ಒಬ್ಬರಿಗೊಬ್ಬರು ಒಗ್ಗಿಕೊಳ್ಳಲಿ ಎಂದು ಐವರೂ ನಾಲ್ಕು ದಿನ ಗುಡಾರ ಹೂಡಿಕೊಂಡು ಇರುವ ಪ್ರವಾಸ ಗೊತ್ತುಮಾಡಿದೆವು. ಜಾಗ, ನನ್ನ ಪತಿ ಇದ್ದಾಗ ನಾವು ಪ್ರತಿ ವರ್ಷ ಹೋಗುತ್ತಿದ್ದ ಸರೋವರದ ದಂಡೆ. ಮಗಳು, ‘ಅದು ಅಪ್ಪನ ಜಾಗ, ಅಲ್ಲಿಗೆ ಅವರು ಬರುವುದಾದರೆ ನಾನು ಬರುವುದಿಲ್ಲ’ ಎಂದಳು. ಮಗ, ‘ಬೆಟ್ಟ ಹತ್ತಿದ ಏದುಸಿರನ್ನೇ ಪ್ರೀತಿ ಎಂದುಕೊಂಡಿದ್ದೀಯೋ ಏನೋ ನೋಡಮ್ಮ’ ಎಂದು ನಕ್ಕ. ಅವರ ಮಗಳು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ಮನೆಯ ಗೋಡೆಗಳಿಂದ ಹೊರಗೆ ಬಂದರೆ ಎಲ್ಲರೂ ತಾವಾಗಿ ಹತ್ತಿರವಾಗುತ್ತಾರೆ ಎಂದು ನಂಬಿದ್ದೆ. ಆ ನಂಬಿಕೆಯೇ ತಪ್ಪೇ?

ಉತ್ತರ: ನಂಬಿಕೆ ಅರ್ಧ ಸರಿ. ಯೋಜನೆ ಮಾತ್ರ ಮುಕ್ಕಾಲು ಪಾಲು ತಪ್ಪು. ನಾಲ್ಕು ದಿನ ಬಹಳವಾಯಿತು, ಐದು ಜನ ಒಟ್ಟಿಗೆ ಎಂಬುದು ಮೊದಲ ಸಲಕ್ಕೆ ಹೆಚ್ಚಾಯಿತು, ಆ ಸರೋವರವಂತೂ ಈಗ ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಕಾರಣಗಳು.

ನಿಮ್ಮ ಮಗನ ಮಾತಿನಿಂದ ಶುರು ಮಾಡೋಣ. ಅವನು ತಮಾಷೆಗೆ ಹೇಳಿದ್ದರೂ ಅದಕ್ಕೊಂದು ಪ್ರಸಿದ್ಧ ಆಧಾರವಿದೆ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೊ ಕಣಿವೆಯ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಸುಮಾರು 70 ಮೀಟರ್ ಎತ್ತರದಲ್ಲಿ ಓಲಾಡುವ ಆ ಸೇತುವೆ ದಾಟುತ್ತಿದ್ದ ಗಂಡಸರನ್ನು ಯುವತಿಯೊಬ್ಬಳು ಮಾತನಾಡಿಸಿ, ಕೊನೆಗೆ ತನ್ನ ಫೋನ್ ಸಂಖ್ಯೆ ಕೊಡುತ್ತಿದ್ದಳು. ಗಟ್ಟಿಮುಟ್ಟಾದ ತಗ್ಗು ಸೇತುವೆಯಲ್ಲಿ ಅದೇ ರೀತಿ ಮಾತನಾಡಿಸಿದವರಿಗಿಂತ ತೂಗುಸೇತುವೆಯಲ್ಲಿ ಸಿಕ್ಕವರೇ ಹೆಚ್ಚಾಗಿ ಆಮೇಲೆ ಫೋನ್ ಮಾಡಿದರು. ಭಯಕ್ಕೆ ಬಡಿದುಕೊಂಡ ಎದೆಯನ್ನು ಅವರು ಆಕರ್ಷಣೆ ಎಂದು ಓದಿಕೊಂಡಿರಬೇಕು ಎಂಬುದು ಸಂಶೋಧಕರ ವಿವರಣೆ. ಆದರೆ ಅದು ಕೆಲವು ನಿಮಿಷಗಳ ಭೇಟಿಯ ಕಥೆ. ನಿಮ್ಮದು ಎರಡು ವರ್ಷ. ಈ ಎರಡು ವರ್ಷದಲ್ಲಿ ನೀವು ಅವರನ್ನು ಜ್ವರ ಬಂದು ಮಲಗಿದಾಗ, ಬಸ್ ತಪ್ಪಿಹೋದಾಗ, ಮಾಜಿ ಪತ್ನಿಯ ಫೋನ್ ಬಂದಾಗ ನೋಡಿದ್ದೀರಿ ಎಂದುಕೊಳ್ಳುತ್ತೇನೆ. ಸಮತಟ್ಟು ನೆಲದ ಮೇಲೂ ಅವರು ನಿಮಗೆ ಇಷ್ಟವಾದರೆ ಮಗನಿಗೆ ಉತ್ತರ ಸಿಕ್ಕಿತು. ಬೆಟ್ಟದಿಂದ ಬೆಟ್ಟಕ್ಕೆ ಮಾತ್ರ ಭೇಟಿಯಾಗುತ್ತಿದ್ದೀರಿ ಎಂದಾದರೆ ಅವನ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ.

ಪ್ರೀತಿಸಲು ನಿಮಗೆ ಮಕ್ಕಳ ಅನುಮತಿ ಬೇಕಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ. ಮಕ್ಕಳಿಗೆ ನೀವು ಕೊಡಬೇಕಾದದ್ದು ಸಮಯ, ಮತ್ತು ಅದು ನೀವು ಅಂದುಕೊಂಡದ್ದಕ್ಕಿಂತ ತುಂಬ ಹೆಚ್ಚು. ಮರುಮದುವೆಯಾದ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ ಅಮೆರಿಕದ ಮೇವಿಸ್ ಹೆದರಿಂಗ್ಟನ್ ಅವರ ಲೆಕ್ಕದಲ್ಲಿ ಇಂಥ ಕುಟುಂಬ ಒಂದು ಹದಕ್ಕೆ ಬರಲು 5ರಿಂದ 7 ವರ್ಷ ಹಿಡಿಯುತ್ತದೆ. ಅವರು ನೋಡಿದ್ದು ಹೆಚ್ಚಾಗಿ ಚಿಕ್ಕ ಮಕ್ಕಳಿದ್ದ ಮನೆಗಳನ್ನು. ಬೆಳೆದ ಮಕ್ಕಳಿದ್ದರೆ ಬೇಗ ಆಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ. ಬೆಳೆದ ಮಕ್ಕಳು ಅಪ್ಪನ ಜೊತೆ ಇಪ್ಪತ್ತು ವರ್ಷ ಕಳೆದಿರುತ್ತಾರೆ, ಹೊಸಬರ ಜೊತೆ ದಿನವೂ ಒಂದೇ ಸೂರಿನಡಿ ಇರುವುದಿಲ್ಲ. ಹೀಗಾಗಿ ಒಗ್ಗಿಕೊಳ್ಳುವ ಅವಕಾಶವೇ ಅವರಿಗೆ ಕಡಿಮೆ. ಜೊತೆಗೆ ಬಾಯಿಬಿಟ್ಟು ಹೇಳಲಾಗದ ಪ್ರಶ್ನೆಗಳಿರುತ್ತವೆ: ಮನೆ ಯಾರ ಹೆಸರಿಗೆ ಹೋಗುತ್ತದೆ, ಅಮ್ಮನಿಗೆ ಕಾಯಿಲೆಯಾದರೆ ನಿರ್ಧಾರ ಯಾರದು, ಅವರಿಗೆ ಕಾಯಿಲೆಯಾದರೆ ಅಮ್ಮ ಇನ್ನೊಮ್ಮೆ ಆಸ್ಪತ್ರೆಯಲ್ಲಿ ರಾತ್ರಿ ಕಳೆಯಬೇಕೇ? ಈ ಕೊನೆಯ ಪ್ರಶ್ನೆ ನಿಮ್ಮ ಮಗಳ ಮನಸ್ಸಿನಲ್ಲಿ ಇರಬಹುದು ಎಂದು ನನ್ನ ಊಹೆ. ಅಪ್ಪನ ಕೊನೆಯ ದಿನಗಳಲ್ಲಿ ನಿಮ್ಮನ್ನು ಹತ್ತಿರದಿಂದ ನೋಡಿದವಳು ಅವಳು. ಇವನ್ನೆಲ್ಲ ಮನೆಯಲ್ಲಿ, ಮೇಜಿನ ಮುಂದೆ ಕುಳಿತು, ಅಗತ್ಯವಿದ್ದರೆ ವಕೀಲರನ್ನು ಕಂಡು ಬಗೆಹರಿಸಿಕೊಳ್ಳಿ. ಉಯಿಲಿನ ವಿಷಯವನ್ನು ಕಾಲುದಾರಿಯಲ್ಲಿ ಎತ್ತಬಾರದು. ಅಲ್ಲಿ ಎದ್ದು ಹೋಗಲು ಬೇರೆ ಕೋಣೆ ಇರುವುದಿಲ್ಲ.

ಈಗ ಆ ಸರೋವರ.

ಮಗಳು ಹೇಳಿದ ಮಾತನ್ನು ಮತ್ತೆ ಓದಿ. ‘ಅವರು ನನಗೆ ಬೇಡ’ ಎಂದು ಅವಳು ಹೇಳಿಲ್ಲ. ಅಲ್ಲಿಗೆ ಅವರು ಬೇಡ ಎಂದಿದ್ದಾಳೆ. ಇದು ಬಹಳ ಖಚಿತವಾದ, ಚಿಕ್ಕದಾದ, ಈಡೇರಿಸಬಹುದಾದ ಬೇಡಿಕೆ. ಇಂಥ ಸ್ಪಷ್ಟತೆ ನನ್ನ ಬಳಿ ಬರುವ ಬಹಳ ಮನೆಗಳಲ್ಲಿ ಸಿಗುವುದಿಲ್ಲ. ಅದನ್ನು ಹಟ ಎಂದು ಎಣಿಸಿದರೆ ನಷ್ಟ ನಿಮಗೇ.

ಸತ್ತವರನ್ನು ಮರೆತು ಮುಂದೆ ಸಾಗಬೇಕು ಎಂಬ ಹಳೆಯ ಉಪದೇಶವನ್ನು ದುಃಖದ ಬಗ್ಗೆ ಅಧ್ಯಯನ ಮಾಡುವವರು ಕೈಬಿಟ್ಟು ದಶಕಗಳಾದವು. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಈಗ ಹೆಚ್ಚು ಬಳಕೆಯಲ್ಲಿದೆ: ಕಳೆದುಕೊಂಡವರು ನಷ್ಟದ ಕಡೆಗೂ ಹೊಸ ಬದುಕಿನ ಕಡೆಗೂ ಒಂದಾದ ಮೇಲೊಂದರಂತೆ ಹೊರಳುತ್ತಲೇ ಇರುತ್ತಾರೆ. ಒಂದು ಮುಗಿದು ಇನ್ನೊಂದು ಶುರುವಾಗುವುದಲ್ಲ. ನಿಮ್ಮ ಹೊರಳು ಈಗ ಹೊಸ ಬದುಕಿನ ಕಡೆಗಿದೆ. ಮಗಳದು ಅದೇ ಹೊತ್ತಿಗೆ ಅದೇ ಕಡೆಗೆ ಇರಬೇಕೆಂದು ಎಲ್ಲೂ ಬರೆದಿಲ್ಲ. ಪತಿಯನ್ನು ಕಳೆದುಕೊಂಡವರಿಗೆ ಮತ್ತೊಬ್ಬ ಸಂಗಾತಿ ಸಿಗಬಹುದು, ಅಪ್ಪನನ್ನು ಕಳೆದುಕೊಂಡವಳಿಗೆ ಮತ್ತೊಬ್ಬ ಅಪ್ಪ ಸಿಗುವುದಿಲ್ಲ. ನೀವು ಹೊಸದನ್ನು ಪಡೆಯುತ್ತಿರುವ ಇದೇ ಗಳಿಗೆಯಲ್ಲಿ ಅವಳು ಇದ್ದದ್ದರಲ್ಲಿ ಇನ್ನೊಂದು ಚೂರು ಕಳೆದುಕೊಳ್ಳುತ್ತಿದ್ದಾಳೆ.

ಹಾಗಾಗಿ ಆ ದಂಡೆಗೆ ಈ ವರ್ಷ ನೀವು ಮೂವರೇ ಹೋಗಿ ಬನ್ನಿ. ನೀವು, ಮಗಳು, ಮಗ. ಅಪ್ಪನ ಹಳೆಯ ಗುಡಾರ ಇನ್ನೂ ಇದ್ದರೆ ಅದನ್ನೇ ಒಯ್ಯಿರಿ. ಹೊಸಬರು ಮನೆಯಲ್ಲಿರಲಿ. ಇದು ತಮ್ಮನ್ನು ದೂರ ಇಟ್ಟದ್ದು ಎಂದು ಅವರಿಗೆ ಅನ್ನಿಸಿದರೆ ಅದನ್ನು ಅವರು ನಿಮಗೆ ಹೇಳಲಿ, ನಿಮ್ಮ ಮಕ್ಕಳಿಗಲ್ಲ. 61 ವರ್ಷದ ಮನುಷ್ಯ ಇಷ್ಟನ್ನು ತಾಳಿಕೊಳ್ಳಬಲ್ಲರು. ತಾಳಿಕೊಳ್ಳಲಾರರು ಎಂದಾದರೆ ಒಂದೇ ಮನೆಗೆ ಹೋಗುವ ಮುನ್ನವೇ ಅದು ನಿಮಗೆ ಗೊತ್ತಾಗುವುದು ಒಳ್ಳೆಯದು.

ಸಾಮಾನಿನ ಬಗ್ಗೆಯೂ ಒಂದು ಮಾತು. ಹೊರಗಿನ ಬದುಕಿಗೆ ಅಂಟಿಕೊಂಡ ಕುಟುಂಬಗಳಲ್ಲಿ ನೆನಪು ಫೋಟೊಗಿಂತ ಹೆಚ್ಚಾಗಿ ಸಾಮಾನಿನಲ್ಲಿ ಇರುತ್ತದೆ. ಹಿಡಿಯ ಬಳಿ ಟೇಪು ಸುತ್ತಿದ ಒಲೆ, ಒಂದು ಗುಂಡಿ ಬಿದ್ದುಹೋದ ಬೆನ್ನುಚೀಲ, ಯಾರದೋ ಕೈಬರಹದಲ್ಲಿ ಗುರುತು ಹಾಕಿದ ನಕ್ಷೆ. ಮನೆಯಲ್ಲಿ ಇದ್ದದ್ದೇ ಇದೆಯಲ್ಲ ಎಂದು ನಿಮ್ಮ ಪತಿಯ ಚೀಲವನ್ನು ಹೊಸಬರ ಬೆನ್ನಿಗೆ ಏರಿಸಬೇಡಿ. ನೀವು ಉಳಿತಾಯ ಎಂದುಕೊಳ್ಳುತ್ತೀರಿ. ಮಗಳು ಹಿಂದಿನಿಂದ ನಡೆಯುತ್ತಾ ದಾರಿಯುದ್ದಕ್ಕೂ ಆ ಚೀಲವನ್ನೇ ನೋಡಬೇಕಾಗುತ್ತದೆ. ಅದನ್ನು ಮಗ ಕೇಳಿದರೆ ಕೊಡಿ, ಇಲ್ಲವಾದರೆ ಅಟ್ಟದಲ್ಲೇ ಇರಲಿ.

ಹೊರಗೆ ಹೋದರೆ ಎಲ್ಲರೂ ತಾವಾಗಿ ಹತ್ತಿರವಾಗುತ್ತಾರೆಯೇ? ಇದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉತ್ತರ 1954ರ ಬೇಸಿಗೆಯದು. ಮುಜಾಫರ್ ಶೆರಿಫ್ ಎಂಬ ಸಮಾಜ ಮನಶ್ಶಾಸ್ತ್ರಜ್ಞರು ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬ ಕಾಡು ಪ್ರದೇಶದ ಶಿಬಿರಕ್ಕೆ ಸುಮಾರು 11 ವರ್ಷದ 22 ಹುಡುಗರನ್ನು ಕರೆದೊಯ್ದು, ಎರಡು ಗುಂಪು ಮಾಡಿ, ಆಟಗಳಲ್ಲಿ ಪೈಪೋಟಿಗೆ ಹಚ್ಚಿದರು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಪರಸ್ಪರರ ಕೋಣೆಗೆ ನುಗ್ಗುವುದು ಎಲ್ಲ ಆಯಿತು. ಆಮೇಲೆ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಜಗಳ ತಗ್ಗಲಿಲ್ಲ, ಊಟದ ತಟ್ಟೆಯಲ್ಲಿದ್ದದ್ದನ್ನೇ ಎಸೆದಾಡಿದರು. ಬಿಗುವು ಸಡಿಲವಾಗತೊಡಗಿದ್ದು ಶಿಬಿರಕ್ಕೆ ನೀರು ಬರುವುದು ನಿಂತು ಎರಡೂ ಗುಂಪು ಸೇರಿ ಟ್ಯಾಂಕಿನ ನಲ್ಲಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಬೇಕಾದಾಗ, ಮತ್ತು ಊಟ ತರಬೇಕಾದ ಲಾರಿ ಕೆಟ್ಟು ನಿಂತು, ಹಿಂದೆ ಹಗ್ಗಜಗ್ಗಾಟಕ್ಕೆ ಬಳಸಿದ್ದ ಅದೇ ಹಗ್ಗದಿಂದ ಎಲ್ಲರೂ ಅದನ್ನು ಎಳೆಯಬೇಕಾದಾಗ. ಕೊನೆಗೆ ಒಂದೇ ಬಸ್ಸಿನಲ್ಲಿ ಹಿಂದಿರುಗಿದರು.

ಆ ಸಮಸ್ಯೆಗಳನ್ನು ಸಂಶೋಧಕರೇ ಸೃಷ್ಟಿಸಿದ್ದರು. ಹುಡುಗರಿಗೆ ಪ್ರಯೋಗದ ವಿಷಯ ತಿಳಿದಿರಲಿಲ್ಲ. ಇಂದು ಹಾಗೆ ಮಾಡಲು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು. ನಿಮ್ಮ ಮನೆಯವರು ಪೈಪೋಟಿಗಿಳಿದ ತಂಡಗಳೂ ಅಲ್ಲ. ಆದರೂ ನಾನು ಅದರಿಂದ ಎತ್ತಿಕೊಳ್ಳುವ ವಿಷಯ ನೇರವಾದದ್ದು. ಒಂದೇ ಜಾಗದಲ್ಲಿ ಇರುವುದರಿಂದ ಜನ ಹತ್ತಿರವಾಗುವುದಿಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ನಿಜವಾಗಿ ಬೇಕಾದಾಗ ಹತ್ತಿರವಾಗುತ್ತಾರೆ. ಮನೆಯಲ್ಲಿ ಇಂಥ ಸಂದರ್ಭ ಅಪರೂಪ, ಪ್ರತಿಯೊಂದು ಕುರ್ಚಿಗೂ ಆಗಲೇ ಒಬ್ಬ ವಾರಸುದಾರ ಇರುತ್ತಾನೆ. ಹೊರಗೆ ಅದು ಹೆಜ್ಜೆಹೆಜ್ಜೆಗೂ ಸಿಗುತ್ತದೆ: ಗಾಳಿಗೆ ಹಾರುವ ಗುಡಾರದ ಬಟ್ಟೆಯನ್ನು ಒಬ್ಬರು ಹಿಡಿದರೆ ಮಾತ್ರ ಇನ್ನೊಬ್ಬರು ಗೂಟ ಹೊಡೆಯಲು ಸಾಧ್ಯ. ಆ ಗಳಿಗೆಯಲ್ಲಿ ‘ನೀನು ನನಗೆ ಏನಾಗಬೇಕು’ ಎಂಬ ಪ್ರಶ್ನೆ ಏಳುವುದಿಲ್ಲ, ‘ಅದನ್ನು ಹಿಡಿ’ ಎಂದರೆ ಮುಗಿಯಿತು. ಇಂಥ ಗಳಿಗೆಗಳು ತಾವಾಗಿ ಬರಲಿ. ಎಲ್ಲರೂ ವೃತ್ತಾಕಾರವಾಗಿ ಕುಳಿತು ಒಬ್ಬರ ಬಗ್ಗೆ ಒಬ್ಬರು ಒಳ್ಳೆಯ ಮಾತು ಹೇಳುವ ಆಟಗಳನ್ನು ಮಾತ್ರ ಏರ್ಪಡಿಸಬೇಡಿ. 19ರ ಹುಡುಗನಿಗೂ 15ರ ಹುಡುಗಿಗೂ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಹೊರಗಿನ ಇನ್ನೊಂದು ಅನುಕೂಲ, ನಡೆಯುವಾಗ ಮುಖ ನೋಡಿಕೊಂಡು ಮಾತನಾಡಬೇಕಿಲ್ಲ. ಕಣ್ಣು ದಾರಿಯ ಮೇಲಿರುತ್ತದೆ. ಮಾತು ನಿಂತರೆ ಅದು ಮೌನ ಎನ್ನಿಸುವುದಿಲ್ಲ, ಏರು ಬಂತು ಎನ್ನಿಸುತ್ತದೆ. ಹದಿಹರೆಯದವರು ಎದುರು ಕೂರಿಸಿ ಕೇಳಿದರೆ ಹೇಳದ್ದನ್ನು ಪಕ್ಕದಲ್ಲಿ ನಡೆಯುವವರಿಗೆ ಹೇಳುತ್ತಾರೆ. ಆದರೆ ಐದು ಜನ ಸಾಲಾಗಿ ನಡೆದರೆ ಇದು ಆಗುವುದಿಲ್ಲ. ಇಬ್ಬರು ಬೇಕು.

ಅದಕ್ಕೇ ‘ಐವರೂ ಒಟ್ಟಿಗೆ’ ಎಂಬುದನ್ನು ನಾನು ವಿರೋಧಿಸಿದ್ದು. ಮಲತಂದೆ ಮಲತಾಯಂದಿರು ಮಕ್ಕಳ ಮನಸ್ಸು ಗೆಲ್ಲಲು ಏನೇನು ಮಾಡುತ್ತಾರೆ, ಯಾವುದು ಫಲಿಸುತ್ತದೆ ಎಂದು ಲಾರೆನ್ಸ್ ಗ್ಯಾನಾಂಗ್, ಮರಿಲಿನ್ ಕೋಲ್ಮನ್ ಮತ್ತು ಅವರ ಸಂಗಡಿಗರು 1999ರಲ್ಲಿ ಅಧ್ಯಯನ ಮಾಡಿದ್ದರು. ಇಡೀ ಕುಟುಂಬ ಸೇರಿ ಮಾಡಿದ್ದಕ್ಕಿಂತ ಇಬ್ಬರೇ ಸೇರಿ, ಅದೂ ಮಗು ಆರಿಸಿದ ಕೆಲಸ ಮಾಡಿದ್ದೇ ಹೆಚ್ಚು ಫಲ ಕೊಟ್ಟಿತ್ತು. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ಇಷ್ಟು ಸುಲಭವಾಗಿ ಕೈಗೂಡಿಸಬಹುದಾದ ಮಾತು ಇನ್ನೊಂದಿಲ್ಲ. ಬಹುತೇಕ ದಂಪತಿಗಳು ಮಾಡುವುದು ಇದರ ತಿರುಗುಮುರುಗು: ದೊಡ್ಡವರು ಆರಿಸುತ್ತಾರೆ, ಎಲ್ಲರನ್ನೂ ಹೊರಡಿಸುತ್ತಾರೆ.

ಆ 15ರ ಹುಡುಗಿಯ ಕಡೆಯಿಂದ ನೋಡಿ. ಅಪ್ಪ ಸಿಗುವುದು ವಾರಾಂತ್ಯಕ್ಕೆ ಮಾತ್ರ. ಆ ಎರಡು ದಿನವನ್ನು ಈಗ ನಿಮ್ಮ ಜೊತೆ, ನಿಮ್ಮ ಮಕ್ಕಳ ಜೊತೆ ಹಂಚಿಕೊಳ್ಳಬೇಕು. ಅದೂ ತಾನು ಕೇಳದ ಕಾಡಿನಲ್ಲಿ. ಅವಳ ಸಿಗ್ನಲ್ ಪ್ರಶ್ನೆಗೆ ನಿಮಗೆ ಸಣ್ಣ ನೋವಾಗಿದೆ ಎಂದು ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ. ನಾನು ಅದನ್ನು ಬೇರೆಯಾಗಿ ಓದುತ್ತೇನೆ. ಅಲ್ಲಿ ನನಗೆ ಕಷ್ಟವಾದರೆ ನನ್ನವರನ್ನು ತಲುಪಬಹುದೇ ಎಂದು ಅವಳು ಕೇಳುತ್ತಿದ್ದಾಳೆ. ಸಿಗ್ನಲ್ ಇರುವ ಜಾಗವನ್ನೇ ಆರಿಸಿ. ಮೊಬೈಲ್ ಕಿತ್ತುಕೊಳ್ಳುವ ಯೋಚನೆ ಯಾರಿಗಾದರೂ ಬಂದಿದ್ದರೆ ಅದನ್ನು ಅಲ್ಲಿಗೇ ಬಿಡಿ.

ನಡೆಯುವ ಕ್ರಮದ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ, ಆದರೆ ಮುನಿಸು ಹುಟ್ಟುವುದು ಅಲ್ಲೇ. ಪೂರ್ತಿ ಮಾಮೂಲು ದೃಶ್ಯ ಹೀಗಿರುತ್ತದೆ: ಹೊಸ ಜೋಡಿ ಮುಂದೆ, ಮಾತಿನಲ್ಲಿ ಮುಳುಗಿ. ಇಬ್ಬರ ಕೈ ಆಗಾಗ ತಾಗುತ್ತದೆ. ಅವರ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಪರಸ್ಪರ ಪರಿಚಯವಿಲ್ಲದ ಮೂವರು ಮಕ್ಕಳು, ಒಬ್ಬರ ಬೆನ್ನನ್ನು ಒಬ್ಬರು ನೋಡುತ್ತಾ. ಮರುಮದುವೆಯ ಕುಟುಂಬಗಳೊಂದಿಗೆ ದಶಕಗಳ ಕಾಲ ಕೆಲಸ ಮಾಡಿರುವ ಮನಶ್ಶಾಸ್ತ್ರಜ್ಞೆ ಪ್ಯಾಟ್ರಿಷಿಯಾ ಪೇಪರ್‌ನೋ ಇಂಥ ಮನೆಗಳ ಮೊದಲ ತೊಡಕು ಎಂದು ಗುರುತಿಸುವುದು ಇದನ್ನೇ: ಯಾರೋ ಒಬ್ಬರು ಸದಾ ಒಳಗಿನವರು, ಯಾರೋ ಒಬ್ಬರು ಸದಾ ಹೊರಗಿನವರು. ಕಾಲುದಾರಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ದಾರಿಯ ಹೆಚ್ಚಿನ ಭಾಗ ನೀವು ನಿಮ್ಮ ಮಗಳ ಜೊತೆ, ಅವರು ತಮ್ಮ ಮಗಳ ಜೊತೆ ನಡೆಯಿರಿ. ನಿಮ್ಮ ಮಗ ಎಲ್ಲರಿಗಿಂತ ಮುಂದೆ ಹೋಗುತ್ತಾನೆ, ಹೋಗಲಿ, ಪ್ರತಿ ಕವಲಿನಲ್ಲೂ ನಿಂತು ಕಾಯಬೇಕು ಎಂಬ ಒಂದೇ ಷರತ್ತು. ಯಾವುದೋ ತಿರುವಿನಲ್ಲಿ ಶೂ ದಾರ ಕಟ್ಟಲು ಒಬ್ಬರು ನಿಲ್ಲುತ್ತಾರೆ, ನೀರು ಕುಡಿಯಲು ಇನ್ನೊಬ್ಬರು, ಜೋಡಿಗಳು ತಾವಾಗಿ ಬದಲಾಗುತ್ತವೆ. ಬದಲಾಗದಿದ್ದರೆ ಆ ದಿನಕ್ಕೆ ಅಷ್ಟೇ.

ವೇಗದ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ್ದು: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಎಂಟು ಕಿಲೋಮೀಟರ್ ದಾರಿ, 400 ಮೀಟರ್ ಏರು ಎಂದರೆ ಎರಡೂಕಾಲು ಗಂಟೆ. ಆದರೆ ಅದು ನುರಿತವರ ನಡಿಗೆ, ವಿಶ್ರಾಂತಿ ಸೇರಿಲ್ಲ. ನಿಮ್ಮಂಥ ಗುಂಪಿಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ವೇಗವನ್ನು ಅತ್ಯಂತ ನಿಧಾನ ನಡೆಯುವವರು ನಿರ್ಧರಿಸಬೇಕು. ಅವರು 15ರ ಹುಡುಗಿಯೇ ಆಗಿರಬೇಕೆಂದಿಲ್ಲ. 61ರವರು 19ರವನ ಎದುರು ತಮ್ಮ ಕಸುವು ತೋರಿಸಲು ಹೊರಟು ಮಂಡಿ ಹಿಡಿದುಕೊಂಡು ಇಳಿದದ್ದನ್ನು ನಾನು ನೋಡಿದ್ದೇನೆ. ಏರಿಗಿಂತ ಇಳಿಜಾರೇ ಮಂಡಿಗೆ ಹೆಚ್ಚು ಭಾರ, ಊರುಗೋಲು ಇಟ್ಟುಕೊಳ್ಳಲು ನಾಚಬೇಕಿಲ್ಲ. ಇಬ್ಬರ ಕೈಯಲ್ಲೂ ಕೋಲಿದ್ದರೆ ಕೈ ಕೈ ತಾಗುವ ಸಮಸ್ಯೆಯೂ ತಪ್ಪುತ್ತದೆ.

ಒಂದು ವಿಷಯದಲ್ಲಿ ಮಾತ್ರ ಮೃದುತ್ವ ಬೇಡ. ಹಳೆಯ ಕುಟುಂಬಗಳಲ್ಲಿ ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ, ಯಾರಿಗೆ ಈಜು ಬರುವುದಿಲ್ಲ, ಯಾರು ಆಯಾಸವಾದರೂ ಬಾಯಿಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಹೇಳಿಕೊಟ್ಟವರಿಲ್ಲ, ವರ್ಷಗಳಲ್ಲಿ ಬಂದದ್ದು. ಹೊಸ ಕುಟುಂಬದಲ್ಲಿ ಈ ತಿಳಿವಳಿಕೆ ಇರುವುದಿಲ್ಲ, ಅದು ಇಲ್ಲ ಎಂಬುದೂ ಯಾರ ಗಮನಕ್ಕೂ ಬರುವುದಿಲ್ಲ. ಹೊರಡುವ ಮೊದಲು ಒಂದು ಹಾಳೆಯಲ್ಲಿ ಐವರ ಹೆಸರು, ಅಲರ್ಜಿ, ದಿನನಿತ್ಯದ ಮಾತ್ರೆ, ತುರ್ತಿಗೆ ಕರೆಯಬೇಕಾದವರ ಸಂಖ್ಯೆ ಬರೆದು ಇಬ್ಬರ ಚೀಲದಲ್ಲಿ ಒಂದೊಂದು ಪ್ರತಿ ಇಡಿ. ಹುಡುಗಿ ಇನ್ನೂ ಅಪ್ರಾಪ್ತ ವಯಸ್ಸಿನವಳು. ಬಹಳ ದೇಶಗಳಲ್ಲಿ ತಂದೆತಾಯಿಯ ಹೊಸ ಸಂಗಾತಿಗೆ ಆಕೆಯ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಇರುವುದಿಲ್ಲ. ಅವಳ ತಂದೆಯೇ ಕಾಲು ಮುರಿದುಕೊಂಡರೆ? ಪ್ರವಾಸ ಎಲ್ಲಿಗೆ, ಎಷ್ಟು ದಿನ ಎಂಬುದು ಅವಳ ತಾಯಿಗೆ ಮೊದಲೇ ಗೊತ್ತಿರಬೇಕು. ಇದು ಸೌಜನ್ಯದ ಮಾತಷ್ಟೇ ಅಲ್ಲ.

ಇನ್ನು, ಯಾರ ಮಾತು ನಡೆಯಬೇಕು? ನನ್ನ ನಿಯಮ ಸರಳ. ಜೀವಕ್ಕೆ ಸಂಬಂಧಪಟ್ಟದ್ದಾದರೆ ಯಾರು ಬೇಕಾದರೂ ‘ನಿಲ್ಲಿ’ ಎನ್ನಬಹುದು, ಎಲ್ಲರೂ ನಿಲ್ಲಬೇಕು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲುಪುವ ದೂರದಲ್ಲೇ ಇದ್ದೀರಿ ಎಂದರ್ಥ, ಆಗ ಶಿಖರ ಇನ್ನು ಹತ್ತೇ ನಿಮಿಷ ಎಂಬ ಚರ್ಚೆ ಇಲ್ಲ. ಉಳಿದ ಎಲ್ಲಕ್ಕೂ, ತಡವಾಗಿ ಏಳುವುದು, ಪಾತ್ರೆ ತೊಳೆಯದಿರುವುದು, ಮುಖ ಊದಿಸಿಕೊಂಡಿರುವುದು, ಅವರವರ ಮಕ್ಕಳಿಗೆ ಅವರವರೇ ಹೇಳಬೇಕು. ನೀವು ಆ ಹುಡುಗಿಯನ್ನು ತಿದ್ದಬೇಡಿ. ಅವರು ನಿಮ್ಮ ಮಗನಿಗೆ ಗಂಟು ಹಾಕಲು ಕಲಿಸುವುದು ಬೇಡ, ಅವನಾಗಿ ಕೇಳುವವರೆಗೆ. ಆ ಗಂಟನ್ನು ಅವನಿಗೆ ಅಪ್ಪ ಬೇರೆ ರೀತಿಯಲ್ಲಿ ಕಲಿಸಿರಬಹುದು.

ಹಾಗಾದರೆ ಯಾವ ಕ್ರಮದಲ್ಲಿ? ಮೊದಲು ಅರ್ಧ ದಿನದ ನಡಿಗೆ, ನೀವಿಬ್ಬರು ಮತ್ತು ಒಂದು ಕಡೆಯ ಮಕ್ಕಳು ಮಾತ್ರ. ಇನ್ನೊಂದು ಸಲ ಇನ್ನೊಂದು ಕಡೆಯವರು. ಆಮೇಲೆ ಐವರೂ ಸೇರಿ ಒಂದು ಹಗಲು, ಯಾರಿಗೂ ಹಳೆಯ ನೆನಪಿಲ್ಲದ ಜಾಗದಲ್ಲಿ. ಅದಾದ ಮೇಲೆ, ಬಹುಶಃ ಕೆಲವು ತಿಂಗಳ ನಂತರ, ಒಂದು ರಾತ್ರಿ. ಪ್ರತಿ ಸಲವೂ ಎರಡು ಕಾರು. ಖರ್ಚು ಹೆಚ್ಚು, ಗೊತ್ತು, ಆದರೆ ಬೇಕೆಂದಾಗ ಹೊರಡಬಹುದು ಎಂದು ಗೊತ್ತಿರುವವರು ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತಾರೆ.

ಆ ಮೊದಲ ರಾತ್ರಿಯ ಬಗ್ಗೆ ಬಹಳ ಪತ್ರಗಳು ಬರುತ್ತವೆ, ಎಲ್ಲವೂ ಸುತ್ತಿಬಳಸಿ ಬರೆದವು. ನೇರವಾಗಿ ಹೇಳುತ್ತೇನೆ: ಗುಡಾರದ ಬಟ್ಟೆ ಗೋಡೆಯಲ್ಲ. ಪಿಸುಮಾತು, ನಗು, ಮಲಗುಚೀಲದ ಜಿಪ್ ಎಳೆಯುವ ಸದ್ದು ಎಲ್ಲ ಪಕ್ಕದ ಗುಡಾರಕ್ಕೆ ಕೇಳಿಸುತ್ತದೆ. ಅಮ್ಮ ಇನ್ನೊಬ್ಬರ ಪಕ್ಕದಲ್ಲಿ ಮಲಗಿದ್ದಾಳೆ ಎಂಬುದನ್ನು ಮಕ್ಕಳು ಮೊದಲ ಸಲ ಎದುರಿಸುವುದು ಎರಡು ಮೀಟರ್ ದೂರದಲ್ಲಿ, ಕತ್ತಲಲ್ಲಿ ಆಗಬಾರದು. ಮೊದಲ ರಾತ್ರಿಗೆ ಬೇರೆ ಬೇರೆ ಕೋಣೆಗಳಿರುವ ತಂಗುಮನೆ ವಾಸಿ. ಗುಡಾರವೇ ಆಗಬೇಕೆಂದರೆ ನೀವು ನಿಮ್ಮ ಮಗಳ ಜೊತೆ, ಹುಡುಗಿಗೆ ಅವಳದೇ ಪುಟ್ಟ ಗುಡಾರ, ಅವರು ಒಬ್ಬರೇ, ಮಗ ಒಬ್ಬನೇ. ಇದು ಅಪರಾಧ ಮುಚ್ಚಿಡುವುದಲ್ಲ, ನೀವಿಬ್ಬರೂ ಜೋಡಿ ಎಂಬುದು ಎಲ್ಲರಿಗೂ ಗೊತ್ತೇ ಇದೆ. ಒಂದು ರಾತ್ರಿಯ ಮಟ್ಟಿಗೆ ಅದನ್ನು ಅವರ ಕಿವಿಯಿಂದ ದೂರ ಇಡುತ್ತಿದ್ದೀರಿ, ಅಷ್ಟೇ.

ಫೋಟೊ. ಎಲ್ಲರೂ ಶಿಖರದಲ್ಲಿ ಸಾಲಾಗಿ ನಿಂತ ಚಿತ್ರವನ್ನು ಆ ಸಂಜೆಯೇ ವಾಟ್ಸ್‌ಆ್ಯಪ್‌ಗೆ ಹಾಕುವ ಆಸೆ ಯಾರಿಗೆ ಇರುವುದಿಲ್ಲ? ಹಾಕಬೇಡಿ. ಅದನ್ನು ಹುಡುಗಿಯ ತಾಯಿ ನೋಡುತ್ತಾರೆ, ನಿಮ್ಮ ಪತಿಯ ಒಡಹುಟ್ಟಿದವರು ನೋಡುತ್ತಾರೆ, ಮರುದಿನ ಮಕ್ಕಳು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ತಾವು ಇನ್ನೂ ಒಪ್ಪಿಕೊಳ್ಳದ ಕುಟುಂಬವೊಂದರ ಸದಸ್ಯರು ಎಂದು ಅವರನ್ನು ಸಾರಿದಂತಾಗುತ್ತದೆ. ಮಕ್ಕಳೇ ತೆಗೆದು ಮಕ್ಕಳೇ ಹಂಚಿಕೊಂಡರೆ ಅದು ಬೇರೆ ಮಾತು. ಆಗಲೂ ನೀವು ಮೊದಲ ಮೆಚ್ಚುಗೆ ಒತ್ತಲು ಓಡಬೇಡಿ.

ಎಲ್ಲ ಇಷ್ಟು ಜಾಗರೂಕತೆಯಿಂದ ಮಾಡಿದರೂ ಮೊದಲ ಪ್ರವಾಸ ಸಪ್ಪೆಯಾಗಿ ಮುಗಿಯಬಹುದು. ಸಭ್ಯವಾದ ನಾಲ್ಕು ಮಾತು, ಹವಾಮಾನದ ಬಗ್ಗೆ ದೂರು, ಕಾರು ಹತ್ತಿದೊಡನೆ ಕಿವಿಗೆ ಇಯರ್‌ಫೋನ್. ಇದು ಸೋಲಲ್ಲ, ಇದೇ ಸರಾಸರಿ. ಮನೆಗೆ ಬಂದು ‘ಹೇಗನ್ನಿಸಿತು, ಅವರು ಹೇಗೆ’ ಎಂದು ಕೆದಕಬೇಡಿ. ನಾನು ಗಂಭೀರವಾಗಿ ತೆಗೆದುಕೊಳ್ಳುವ ಲಕ್ಷಣಗಳು ಬೇರೆ. ಹುಡುಗಿ ಅಪ್ಪನ ಮನೆಗೆ ಬರುವುದನ್ನೇ ತಪ್ಪಿಸತೊಡಗಿದರೆ, ನಿದ್ದೆ ಊಟ ಶಾಲೆ ಏರುಪೇರಾದರೆ, ಅಥವಾ ನಿಮ್ಮ ಸಂಗಾತಿ ಮಕ್ಕಳ ಜೊತೆ ನೀವು ಕಳೆಯುವ ಸಮಯಕ್ಕೆ ಪ್ರತಿಸಲವೂ ಲೆಕ್ಕ ಕೇಳತೊಡಗಿದರೆ, ಒಂದೇ ಮನೆಯ ಯೋಜನೆಯನ್ನು ಮುಂದೂಡಿ. ಮುಂದೂಡಿದರೆ ಪ್ರೀತಿಗೇನೂ ಆಗುವುದಿಲ್ಲ. ಹಿರಿಯ ವಯಸ್ಸಿನ ಎಷ್ಟೋ ಜೋಡಿಗಳು ತಂತಮ್ಮ ಮನೆಯಲ್ಲೇ ಇದ್ದುಕೊಂಡು ವರ್ಷಗಟ್ಟಲೆ ಜೊತೆಯಾಗಿ ಬಾಳುತ್ತಾರೆ. ಕೆಲವರಿಗೆ ಅದೇ ಹೆಚ್ಚು ಒಗ್ಗುತ್ತದೆ. ಮುಂದಿನ ವರ್ಷ ಎಂಬ ಗಡುವು ಯಾರು ಹಾಕಿದ್ದು, ಏಕೆ ಎಂದು ನೀವಿಬ್ಬರೂ ಒಮ್ಮೆ ಕೇಳಿಕೊಳ್ಳಿ.

ಮಗಳಿಗೆ ಇವತ್ತೇ ಫೋನ್ ಮಾಡಿ. ವಿವರಣೆ ಬೇಡ, ಸಮರ್ಥನೆಯೂ ಬೇಡ. ‘ನೀನು ಹೇಳಿದ್ದು ಸರಿ, ಅಲ್ಲಿಗೆ ಅವರನ್ನು ಕರೆದೊಯ್ಯುವುದಿಲ್ಲ. ನಾವು ಮೂವರೂ ಹೋಗೋಣವೇ? ದಿನ ನೀನೇ ಹೇಳು’ ಎಂದರೆ ಸಾಕು. ಅವಳು ತಕ್ಷಣ ಒಪ್ಪದಿದ್ದರೂ ಆ ಮಾತನ್ನು ಹಿಂತೆಗೆದುಕೊಳ್ಳಬೇಡಿ. ಇನ್ನು ಆ ನಾಲ್ಕು ದಿನ. ರಜೆ ಹೇಗೂ ಹಾಕಿದ್ದೀರಿ. ಬೇರೊಂದು ಜಾಗ ಗೊತ್ತುಮಾಡಿ ನೀವಿಬ್ಬರೇ ಹೋಗಿ ಬನ್ನಿ. ಕುಟುಂಬ ಕಟ್ಟುವ ಭರದಲ್ಲಿ ಜೋಡಿಯಾಗಿ ನಡೆದು ನಿಮಗೆ ಎಷ್ಟು ದಿನವಾಯಿತೋ ಏನೋ.